ಅತ್ತೆಯ ಕೋಲಿನ ಬಣ್ಣ

ಗಿಟಾರಿಗೆ ಬಣ್ಣ ಬೆರೆಸುವುದರಲ್ಲಿ ಆ ಬಣ್ಣದವನನ್ನು ಮೀರಿಸುವವರಿರಲಿಲ್ಲ ಬಿಡಿ. ಲ್ಯಾಕರ್ ಮೆರುಗೆಣ್ಣೆಗೆ ಒಂದಿಷ್ಟು ಕೆಂಪು, ಒಂದಿಷ್ಟು ಕಂದು ಹನಿಸಿ, ಕಡ್ಡಿಯಲ್ಲಿ ಕದಡಿ, ಹಲಗೆ ಚೂರಿಗೆ ಹಚ್ಚಿ ಕಿಟಕಿಯತ್ತ ಹಿಡಿದನೆಂದರೆ ಬಣ್ಣದೊಳಗಿಂದ ಮರದ ಗೆರೆಗಳು ಇಣುಕುತ್ತಿದ್ದವು. ಒಂದು ಹನಿ ಹೆಚ್ಚಾದರೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಅಳತೆ ಬರೆದಿಡುವ ಅಭ್ಯಾಸ ಮಾತ್ರ ಇರಲಿಲ್ಲ. ಕಣ್ಣಿರುವಾಗ ಲೆಕ್ಕ ಯಾಕೆ ಅನ್ನುವ ಜಂಬ.

ಇಷ್ಟೆಲ್ಲ ಇದ್ದೂ ಮನೆಯಲ್ಲಿ ಅವನಿಗೆ ಕಿಮ್ಮತ್ತಿರಲಿಲ್ಲ. ಪಾಪ, ಮನೆ ಅಳಿಯ. ಮನೆ ಅತ್ತೆಯದು, ವರ್ಕ್‌ಶಾಪಿದ್ದ ಹಿತ್ತಿಲೂ ಅತ್ತೆಯದು, ತಿನ್ನರ್ ವಾಸನೆಯೊಂದು ಅವನದು. 'ಬಣ್ಣದ ಡಬ್ಬಿ' ಎಂದೇ ಅತ್ತೆ ಹೆಸರಿಟ್ಟಿದ್ದರು. ಹಾಗಿರುವಾಗ ಒಮ್ಮೆ ಒಬ್ಬ ಹಾಡುಗಾರನ ಗಿಟಾರಿಗೆ ಕಡುಗೆಂಪು ಬೆರೆಸಿ ಬಳಿದ ಮೇಲೆ ಅರ್ಧ ಲೋಟ ಮಿಕ್ಕಿತು. ಚೆಲ್ಲಲು ಮನಸ್ಸು ಬಾರದೆ ಅತ್ತೆಯ ಊರುಗೋಲಿಗೆ ಬಳಿದ. "ನಿಮಗೋಸ್ಕರಾನೇ ಬೆರೆಸಿದ್ದು ಅತ್ತೆ. ಈ ಬಣ್ಣ ಲೋಕದಲ್ಲಿ ಇನ್ನೊಂದಿಲ್ಲ," ಎಂದು ಅದರ ಮೇಲೊಂದು ಸುಳ್ಳನ್ನೂ ಬಳಿದ.

ಅಂದಿನಿಂದ ಅತ್ತೆಯ ವರಸೆಯೇ ಬದಲಾಯಿತು. ಮಂಡಿನೋವಿಲ್ಲದ ದಿನವೂ ಕೋಲು ಹಿಡಿದೇ ಬೀದಿಗಿಳಿದು, "ನಮ್ಮ ಅಳಿಯಂದ್ರು ನನಗೇ ಅಂತ ಮಾಡಿದ್ದು," ಎಂದು ಕಂಡಕಂಡವರಿಗೆಲ್ಲ ತೋರಿಸುತ್ತಿದ್ದರು. ಡಬ್ಬಿ ಹೋಗಿ ಅಳಿಯಂದ್ರು ಆದದ್ದು ಅವನಿಗೆಷ್ಟು ಹಿತವಾಯಿತೆಂದರೆ, ತನ್ನ ಸುಳ್ಳನ್ನು ತಾನೇ ನಂಬಿಬಿಟ್ಟ.

ಹೀಗಿರಲು ಅದೇ ಹಾಡುಗಾರ ಮತ್ತೆ ಬಂದ, ಮುಖ ಸಪ್ಪೆ ಮಾಡಿಕೊಂಡು. ಗಿಟಾರನ್ನು ರೈಲಿನಲ್ಲಿ ಯಾರೋ ಕದ್ದಿದ್ದರು. ಹೊಸದಕ್ಕೂ ಅದೇ ಬಣ್ಣ ಬೇಕಂತೆ. ಫೋಟೊ ತೋರಿಸಿದ, ಒಂದರಲ್ಲಿ ಅದು ಕಂದು, ಇನ್ನೊಂದರಲ್ಲಿ ಕಿತ್ತಳೆ. ಬೆರೆಸಿ ಬೆರೆಸಿ ಬಣ್ಣದವನ ಕೈ ಸೋತಿತು. ಆ ಬಣ್ಣ ಉಳಿದಿದ್ದದ್ದು ಒಂದೇ ಕಡೆ, ಅದೂ ಅತ್ತೆಯ ಕೈಯಲ್ಲಿ. ಕೇಳಿದರೆ ಸುಳ್ಳು ಬಯಲಾಗಿ ಮತ್ತೆ ಡಬ್ಬಿಯಾಗಬೇಕು, ಕೇಳದಿದ್ದರೆ ಗಿರಾಕಿ ಕೈಬಿಡುತ್ತಾನೆ. ಬಾಯಲ್ಲಿ ಬಿಸಿತುಪ್ಪ.

"ಕೋಲಿಗೆ ಇನ್ನೊಂದ್ಸಲ ಪಾಲಿಶ್ ಕೊಡ್ಲಾ ಅತ್ತೆ?"

"ಏನೂ ಬೇಡ, ಚೆನ್ನಾಗೇ ಇದೆ."

ಕೊನೆಗೆ ಅತ್ತೆ ಮಧ್ಯಾಹ್ನ ಮಲಗಿದಾಗ ಕಳ್ಳಬೆಕ್ಕಿನ ಹಾಗೆ ಕೋಲನ್ನೆತ್ತಿಕೊಂಡು, ಹಾಡುಗಾರ ಕಾದು ಕೂತಿದ್ದ ಹಿತ್ತಿಲ ವರ್ಕ್‌ಶಾಪಿಗೆ ಹೋದ. ಅದನ್ನು ಕಂಡದ್ದೇ ತಡ, "ಇದೇ ಸಾರ್, ನನ್ನ ಗಿಟಾರಿನ ಬಣ್ಣ ಇದೇ," ಎಂದ ಹಾಡುಗಾರ. ಹಾಡುವ ಗಂಟಲು, ಮೆಲ್ಲಗೆ ಅಂದರೂ ಬೀದಿಗೆ ಕೇಳುತ್ತದೆ.

ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ, ಮಗಳ ಭುಜ ಹಿಡಿದು ನಿಂತಿದ್ದಾರೆ. ಬಣ್ಣದವನು ಕೋಲನ್ನು ಬೆನ್ನ ಹಿಂದೆ ಸರಿಸಿದ.

"ತಪ್ಪಾಯ್ತು ಅತ್ತೆ. ನಿಮಗೆ ಅಂತ ಬೆರೆಸಿದ್ದಲ್ಲ. ಇವರ ಗಿಟಾರಿಗೆ ಬಳಿದು ಮಿಕ್ಕಿದ್ದು."

"ಅಯ್ಯೋ ರೀ, ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಮಗೆ," ಎಂದು ಹೆಂಡತಿ ಹಣೆ ಚಚ್ಚಿಕೊಂಡಳು.

ಅತ್ತೆ ಹಾಡುಗಾರನ ಕಡೆ ತಿರುಗಿದರು. "ಆ ಗಿಟಾರು ಈಗೆಲ್ಲಿದೆಯಪ್ಪ?"

"ಕಳ್ಳರ ಪಾಲಾಯ್ತಮ್ಮ. ಇನ್ನು ಸಿಗೋ ಹಾಗಿಲ್ಲ."

"ಅಂದ್ರೆ ಈ ಬಣ್ಣ ಇರೋದು ಈಗ ನನ್ನ ಹತ್ರ ಮಾತ್ರ." ಅತ್ತೆ ಅಳಿಯನನ್ನು ದಿಟ್ಟಿಸಿದರು. "ಅಲ್ಲಿಗೆ ನೀವು ಹೇಳಿದ್ದು ನಿಜಾನೇ ಆಯ್ತಲ್ಲ. ಇನ್ನೊಂದು ಮಾಡಿ ಅದನ್ನ ಸುಳ್ಳು ಮಾಡಬೇಡಿ."

ಕೋಲು ಕಿತ್ತುಕೊಂಡು ಟಕಟಕನೆ ಹೊರಟೇ ಹೋದರು.

ಕೋಲನ್ನು ವರ್ಕ್‌ಶಾಪಿನ ಬೆಳಕಿನಲ್ಲಿ ಹತ್ತಿರದಿಂದ ಕಂಡ ಆ ಒಂದು ನೋಟವೇ ಅವನ ಕಣ್ಣಿಗೆ ಸಾಕಾಗಿತ್ತು. ಬಂದ ಗಿರಾಕಿಯನ್ನು ಬಿಡುವ ಹಾಗಿರಲಿಲ್ಲ. ಅಳುಕುತ್ತಲೇ ಬೆರೆಸಿದ, ಬಳಿದ. ಗಿಟಾರು ಒಣಗಿದ ದಿನ ಅತ್ತೆ ತಾವಾಗಿಯೇ ಬಂದರು. ಕೋಲನ್ನು ಅದರ ಪಕ್ಕಕ್ಕಿಟ್ಟು, ಬಿಸಿಲಿಗೆ ಹಿಡಿದು, ತಿರುಗಿಸಿ ತಿರುಗಿಸಿ ನೋಡಿದರು.

"ಇದರಲ್ಲಿ ಕೆಂಪು ಒಂದು ಹನಿ ಜಾಸ್ತಿ ಆಯ್ತು, ಅಳಿಯಂದ್ರೇ," ಎಂದರು ಅತ್ತೆ. "ನನ್ನದು ಹೀಗಿಲ್ಲ."

ಅವನು ಕಣ್ಣು ಕಿರಿದು ಮಾಡಿ ನೋಡಿದ. ಹನಿಯಿರಲಿ, ಹನಿಯ ಕಾಲು ಭಾಗದ ವ್ಯತ್ಯಾಸವೂ ಇರಲಿಲ್ಲ.

"ಹೌದತ್ತೆ," ಎಂದ. "ನಿಮ್ಮದೇ ಬೇರೆ."