ಹೊಸ ಮಾನಿಟರಿನಲ್ಲಿ ಅಣ್ಣನ ರಂಗೋಲಿ

ದೆವ್ವ ಗಿವ್ವ ಎಂದು ಕಥೆ ಕಟ್ಟುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೆ ಅಟ್ಟೂರಿನ ಅಣ್ಣನ ಮನೆಯಲ್ಲಿ ಆ ರಾತ್ರಿ ನಡೆದದ್ದನ್ನು ಇದೇ ಎರಡು ಕಣ್ಣಿಂದ ನೋಡಿದ್ದೇನೆ. ನಂಬುವುದಾದರೆ ನಂಬಿ, ಇಲ್ಲದಿದ್ದರೆ ಬಿಡಿ.

ಅಣ್ಣ ಕಾರ್ಖಾನೆಯೊಂದರಲ್ಲಿ ಯಂತ್ರಗಳ ಡ್ರಾಯಿಂಗ್ ಮಾಡುತ್ತಿದ್ದ. ಅಲ್ಲಿ ಬೇಡವಾದ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರೊಂದನ್ನು ಮನೆಗೆ ಹೊತ್ತು ತಂದಿದ್ದ. ಪ್ರತಿ ಧನುರ್ಮಾಸದಲ್ಲೂ ಕೂತು, ಸಂಕ್ರಾಂತಿಗೆಂದು ಅದರಲ್ಲಿ ಅತ್ತಿಗೆಗೊಂದು ಹೊಸ ರಂಗೋಲಿ ಬರೆಯುತ್ತಿದ್ದ. ಒಂದೇ ಒಂದು ಎಳೆ ಮಾತ್ರ ಬಿಡುತ್ತಿದ್ದ. ಅತ್ತಿಗೆ ಪರದೆಯ ಮೇಲೆ ಬೆರಳಾಡಿಸಿ ಅದನ್ನು ಕೂಡಿಸಿ ತೋರಿಸಬೇಕು, ಆಮೇಲೆಯೇ ರಂಗೋಲಿ ಬಾಗಿಲಿಗೆ ಬರುವುದು.

“ಹಾಕಿದ ರಂಗೋಲೀನ ರಾತ್ರಿ ಅಳಿಸ್ಬಾರ್ದು ಕಣ್ರೀ,” ಎಂದು ಅತ್ತಿಗೆ ಯಾವತ್ತೋ ಹೇಳಿದ್ದಕ್ಕೆ ಆ ತಿಂಗಳಿಡೀ ಮಾನಿಟರ್ ಆಫ್ ಮಾಡುತ್ತಿರಲಿಲ್ಲ ಮಹಾರಾಯ. ಉರಿದೂ ಉರಿದೂ ಗಾಜಿನಲ್ಲೇ ಎಳೆಗಳ ಅಚ್ಚು ಕೂತಿತ್ತು.

ಈ ವರ್ಷದ್ದನ್ನು ಅತ್ತಿಗೆಗೆ ತೋರಿಸುವ ಮುಂಚೆಯೇ ಎದೆನೋವು ಬಂದು ಹೋಗಿಬಿಟ್ಟ. ಸಾವಿನ ಮನೆ, ಬಾಗಿಲಿಗೆ ರಂಗೋಲಿ ಹಾಕುವುದು ನಿಂತಿತು. ಆ ದಪ್ಪ ಮಾನಿಟರೂ ಸುಟ್ಟುಹೋಗಿ ಗುಜರಿ ಸೇರಿತು. ಅತ್ತಿಗೆಯದು ಮಾತ್ರ ಒಂದೇ ಹಟ.

“ಅವರು ಕೊನೇಲಿ ಬರ್ದಿದ್ದು... ಒಂದ್ಸಲ ನೋಡ್ಬೇಕು ಕಣೋ.”

ಅದು ಕಂಪ್ಯೂಟರಿನ ಡಿಸ್ಕಿನಲ್ಲೇ ಇತ್ತು. ತೆಳ್ಳಗಿನ ಹೊಸ ಮಾನಿಟರ್ ತೆಗೆದುಕೊಂಡು ಹೋದೆ. ಹಳೆಯ ಕಂಪ್ಯೂಟರಿನ ಪಿನ್ನೇ ಬೇರೆ, ಇದರದೇ ಬೇರೆ. ನಡುವೆ ಅಡಾಪ್ಟರ್ ಸಿಕ್ಕಿಸಿದರೆ ‘ಸಿಗ್ನಲ್ ಇಲ್ಲ’! ಆ ಕಾಲದವರು ಚಿತ್ರದ ಸಾಲುಗಳನ್ನು ಹೊಂದಿಸುವ ತಾಳವನ್ನೂ ಹಸಿರು ಬಣ್ಣ ಹೊತ್ತು ತರುವ ತಂತಿಯಲ್ಲೇ ತುರುಕಿ ಕಳಿಸುತ್ತಿದ್ದರು, ಹೊಸದಕ್ಕೆ ಅದು ಅರ್ಥವಾಗುವುದಿಲ್ಲ. ಬೈದುಕೊಂಡು ಬೇರೆ ಅಡಾಪ್ಟರ್ ಹಾಕಿದೆ. ಹೊರಗೆ ಕತ್ತಲಾಯಿತು. ಕೊನೆಗೂ ಪರದೆ ಹಸಿರಾಗಿ ಬೆಳಗಿತು... ಅತ್ತಿಗೆ ಕುರ್ಚಿ ಹತ್ತಿರ ಎಳೆದುಕೊಂಡರು.

ಅಷ್ಟರಲ್ಲಿ ಡಿಸ್ಕ್ ಕರ್ರ್... ಕರ್ರ್... ಎಂದು ಕೆರೆದು ನಿಂತೇಹೋಯಿತು.

“ಏನಾಯ್ತೋ?”

“ಡಿಸ್ಕ್ ಹೋಯ್ತು ಅತ್ತಿಗೆ. ಎಲ್ಲಾ... ಹೋಯ್ತು.”

ಅವರು ಅಳಲಿಲ್ಲ. ನಾನು ಅತ್ತುಬಿಟ್ಟೆ. ಅಣ್ಣ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಸಿಟ್ಟಿಗೆ ಕೇಬಲ್ ಕಿತ್ತೆ, ಕಂಪ್ಯೂಟರ್, ಮಾನಿಟರ್ ಎರಡರ ಕರೆಂಟಿನ ಪ್ಲಗ್ಗನ್ನೂ ಕಿತ್ತೆ.

ದೊಂಯ್...

ಹಳೆಯ ದಪ್ಪ ಮಾನಿಟರ್ ಆನ್ ಮಾಡಿದಾಗ ಬರುತ್ತಿದ್ದ ಸದ್ದು ಅದು. ತೆಳ್ಳಗಿನದರಲ್ಲಿ ಆ ಸದ್ದು ಬರುವ ಮಾತೇ ಇಲ್ಲ. ಹಿಂದೆಯೇ ಬಿಸಿ ಧೂಳಿನ ವಾಸನೆ... ಅಣ್ಣನ ಕೋಣೆಯಲ್ಲಿ ಸದಾ ಇರುತ್ತಿದ್ದದ್ದು. ಕಪ್ಪು ಪರದೆಯಲ್ಲಿ ಮಸುಕು ಮಸುಕಾಗಿ ಚುಕ್ಕಿಗಳೆದ್ದವು. ಆಮೇಲೆ ಎಳೆಗಳು. ನಡುವೆ ಜೋಡಿ ಗಿಳಿ.

“ಹೊಸದು ಕಣೋ,” ಅತ್ತಿಗೆ ಪಿಸುಗುಟ್ಟಿದರು. “ಗಿಳಿ ಯಾವತ್ತೂ ಬರ್ದಿರ್ಲಿಲ್ಲ ಅವರು. ಬರೀರಿ ಅಂತ ನಾನೇ ಗೋಳು ಹುಯ್ಕೊಂಡಿದ್ದೆ.”

ಕೇಬಲ್ ನನ್ನ ಕೈಯಲ್ಲೇ ಇತ್ತು. “ಮುಟ್ಬೇಡಿ ಅತ್ತಿಗೆ!” ಎಂದೆ. ಕೇಳಲಿಲ್ಲ. ಗಿಳಿಯ ರೆಕ್ಕೆಯ ಬಳಿ ಒಂದು ಎಳೆ ತೆರೆದೇ ಇತ್ತು. ಅಲ್ಲಿ ಬೆರಳಿಟ್ಟು ನಿಧಾನವಾಗಿ ಕೂಡಿಸಿದರು.

ಪರದೆ ಕಪ್ಪಾಯಿತು. ವಾಸನೆಯೂ ಹೋಯಿತು.

“ಆಯ್ತು ಬಿಡು. ಇದಕ್ಕೇ ಕಾಯ್ತಿದ್ರು ಅವರು. ಇನ್ ಕಾಯಿಸ್ಬಾರ್ದು, ಹೋಗ್ಲಿ,” ಎಂದವರು ಆಗ ಅತ್ತರು.

ಗಾಜಿನಲ್ಲಿ ಕೂತ ಅಚ್ಚು ಕೇಬಲ್ಲಿನಲ್ಲಿ ಹರಿದು ಬರುವುದಿಲ್ಲ. ಆ ಗಾಜೋ, ಗುಜರಿಯಲ್ಲಿ ಎಂದೋ ಪುಡಿಯಾಗಿತ್ತು. ಮತ್ತೆ ನಾವು ನೋಡಿದ್ದೇನು? ಗೊತ್ತಿದ್ದವರು ಹೇಳಿ.

ಹೊಸ ಮಾನಿಟರ್ ಈಗ ನನ್ನ ಮನೆಯಲ್ಲಿದೆ. ಅಣ್ಣ ಅತ್ತಿಗೆಗೆ ಹೇಳಿ ಹೋದ, ನನಗೆ ಒಂದು ಮಾತೂ ಹೇಳಲಿಲ್ಲ. ರಾತ್ರಿ ಎಚ್ಚರವಾಗಿ ಅದರ ಬೆಳಕು ಕಂಡರೆ ಮೈ ಜುಂ ಎನ್ನುತ್ತದೆ. ಆದರೂ... ಆಫ್ ಮಾಡುವುದಿಲ್ಲ.