ಮೊರದ ಅಂಚಿನ ಬಿಲ್ಲೆಗಳು

ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಸುರಪುರ, ಮತ್ತೆ ಅದೇ ದಾರಿಯಲ್ಲಿ ವಾಪಸ್ಸು. ಇಪ್ಪತ್ತಾರು ವರ್ಷ ಈ ದಾರಿಯಲ್ಲಿ ಕಂಡಕ್ಟರನಾಗಿ ಸೀಟಿ ಊದಿದ್ದೇನೆ, ಚಿಲ್ಲರೆಗಾಗಿ ಊರವರ ಬಾಯಿಂದ ಬೈಸಿಕೊಂಡಿದ್ದೇನೆ, ಬಡ್ಡಿ ಸಮೇತ ಬೈದಿದ್ದೇನೆ. ಆ ಹಾಳು ಚಿಲ್ಲರೆಯೇ ನನಗೂ ನನ್ನ ಹೆಂಡತಿಗೂ ಎದುರುಬದುರು ಕೂತು ಮಾತಾಡಲು ಒಂದು ನೆಪ ಕೊಟ್ಟಿತ್ತು. ಈಗ ಅವಳಿಗೆ ಕಣ್ಣು ಕಾಣುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಏನೋ ಒಂದು ಒಳ್ಳೆಯದಾದೀತು ಎಂದು ಯಾರೂ ಆಸೆ ಇಟ್ಟುಕೊಂಡು ಓದುವುದು ಬೇಡ.

ಶುರುವಾದದ್ದು ಒಂದು ರೂಪಾಯಿಯ ಬಿಲ್ಲೆಯಿಂದ. ನಮ್ಮ ಕಡೆ ನಾಣ್ಯಕ್ಕೆ ಬಿಲ್ಲಿ ಎನ್ನುತ್ತಾರೆ. ಭೀಮರಾಯನಗುಡಿಯಲ್ಲಿ ಹತ್ತಿದ ಯಾರೋ ಅದನ್ನು ನನ್ನ ಕೈಗೆ ತುರುಕಿ ಇಳಿದುಹೋಗಿದ್ದರು. ಒಂದು ಬದಿಗೆ ಎಲ್ಲ ಸರಿ ಇತ್ತು, ಇನ್ನೊಂದು ಬದಿ ನುಣ್ಣಗೆ ಬೋಳು. ಡಿಪೋದ ಕ್ಯಾಶಿಯರ್ ಅದನ್ನು ಮೇಜಿನ ಮೇಲೆ ಎಸೆದ.

"ಖೋಟಾ ಅದ ಇದು. ನೀನಽ ಇಟ್ಕೋ."

ಸಿಟ್ಟಿನಲ್ಲಿ ಮನೆಗೆ ತಂದು ಹೆಂಡತಿಯ ಮುಂದೆ ಒಗೆದೆ. ಅವಳು ಜೋಳ ಹಸನು ಮಾಡುತ್ತ ಕೂತಿದ್ದಳು. ಬಿಲ್ಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ಹೊರಳಿಸಿ, ಉಗುರಿನಿಂದ ಗೀರಿ ನೋಡಿದಳು.

"ಖೋಟಾ ಮಾಡಾಂವ ಇಷ್ಟು ದಡ್ಡ ಇರ್ತಾನೇನ್ರಿ? ಒಂದು ಕಡಿ ಮಕಽ ಮಾಡೋದು ಮರ್ತಾನೇನು? ಇದು ಟಕ್ಸಾಲಿ ತಪ್ಪು. ಹುಟ್ಟುವಾಗಽ ಹಿಂಗ ಹುಟ್ಯಾದ."

ಟಕ್ಸಾಲ ಎಂದರೆ ಟಂಕಸಾಲೆ. ನಿಜಾಮರ ಕಾಲ ಕಂಡಿದ್ದ ಅವಳ ಅಜ್ಜನ ಬಾಯಲ್ಲಿದ್ದ ಮಾತು. ಆ ದಿನದಿಂದ ಅದು ನಮ್ಮ ಮನೆಯ ಮಾತಾಯಿತು. ಬೋಳು ಬಿಲ್ಲೆ ಶ್ಯಾವಿಗೆಯ ಹಳೆ ಡಬ್ಬಿ ಸೇರಿತು.

ಆಮೇಲೆ ಇದು ಚಟವಾಯಿತು. ಚಿಲ್ಲರೆ ಎಣಿಸುವುದೆಂದರೆ ಕ್ಯಾಶಿಯರನಿಗೆ ತಲೆನೋವು. ನಾನು ನನ್ನ ನೋಟು ಕೊಟ್ಟು ಒಂದು ಕೈಚೀಲ ಬಿಲ್ಲೆ ಮನೆಗೆ ತರುತ್ತಿದ್ದೆ. ರಜೆಯ ದಿನ ಬೆಳಿಗ್ಗೆ ಅವಳು ಅಂಗಳದ ಬಿಸಿಲಿನಲ್ಲಿ ಕೂತು, ಜೋಳ ಹಸನು ಮಾಡುವ ಮೊರದಲ್ಲೇ ಅವನ್ನು ಹರವಿ, ಕಲ್ಲು ಆರಿಸುವಂತೆ ಆರಿಸುತ್ತಿದ್ದಳು. ಉಳಿದದ್ದು ಮರುದಿನ ನನ್ನ ಚರ್ಮದ ಚೀಲಕ್ಕೆ ಹೋಗಿ ಮತ್ತೆ ಬಸ್ಸು ಹತ್ತುತ್ತಿತ್ತು. ಹತ್ತು ರೂಪಾಯಿಯ ಬಿಲ್ಲೆ ನಡೆಯುವುದಿಲ್ಲ ಎಂದು ಯಾರೋ ಹಬ್ಬಿಸಿದ ಗಾಳಿಮಾತು ನಂಬಿ ನಮ್ಮ ಜಿಲ್ಲೆಯಲ್ಲಿ ಒಬ್ಬನೂ ಅದನ್ನು ಮುಟ್ಟದ ಕಾಲ ಒಂದಿತ್ತಲ್ಲ, ಆಗ ನಮ್ಮ ಮನೆಯಲ್ಲಿ ಹತ್ತರ ಬಿಲ್ಲೆಗಳ ಸುಗ್ಗಿ. ನಡುವಿನ ಬಿಳಿ ಗುಂಡು ಪಕ್ಕಕ್ಕೆ ಸರಿದಿದ್ದ ಒಂದು ಬಿಲ್ಲೆ ಸಿಕ್ಕಾಗ ಅವಳು ಅದಕ್ಕೆ ಮೆಳ್ಳಗಣ್ಣಿನ ಬಿಲ್ಲಿ ಎಂದು ಹೆಸರಿಟ್ಟಳು. ಬೋಳು ಬಿಲ್ಲೆ ಕುರುಡ ಬಿಲ್ಲಿ. ಅಂಚು ತುಂಡಾಗಿ ಹುಟ್ಟಿದ್ದು ಇಲಿ ಕಚ್ಚಿದ್ದು.

ಕೆಟ್ಟ ಬಿಲ್ಲೆಗಳೆಲ್ಲ ಡಬ್ಬಿಗೆ ಹೋಗುತ್ತಿರಲಿಲ್ಲ. ಯಾದಗಿರಿಯಲ್ಲಿ ರೈಲು ಹಳಿಯ ಮೇಲಿಟ್ಟು ಚಪ್ಪಟೆ ಮಾಡಿದ್ದು, ಕೊರಳಿಗೆ ಕಟ್ಟಲು ತೂತು ಕೊರೆದದ್ದು, ಸುತ್ತಿಗೆಯಿಂದ ಜಜ್ಜಿದ್ದು, ಇವು ಅವಳ ಲೆಕ್ಕದಲ್ಲಿ ಸಂತಿ ತಪ್ಪು, ಎಂದರೆ ಸಂತೆಯಲ್ಲಿ ಆದದ್ದು. ಹುಟ್ಟಿದ್ದು ಸರಿಯಾಗಿಯೇ, ಜನರ ಕೈಗೆ ಬಂದ ಮೇಲೆ ಕೆಟ್ಟದ್ದು. ಅಂಥವನ್ನು ಅವಳು ಮೊರದಿಂದ ಆಚೆ ತಳ್ಳಿಬಿಡುತ್ತಿದ್ದಳು. ಯಾವ ಬಿಲ್ಲೆ ಸಿಕ್ಕರೂ ಮೊದಲ ಪ್ರಶ್ನೆ ಅದೇ: ಟಕ್ಸಾಲಿ ತಪ್ಪೋ, ಸಂತಿ ತಪ್ಪೋ?

ಒಂದು ಪಂದ್ಯವೂ ಇತ್ತು. ಮೊದಲು ಅವಳು ಆರಿಸಬೇಕು, ಅವಳು ಬಿಟ್ಟಿದ್ದರಲ್ಲಿ ನಾನು ಹುಡುಕಬೇಕು. ನನಗೆ ಒಂದಾದರೂ ಸಿಕ್ಕರೆ ನಾನು ಗೆದ್ದೆ, ಸಿಗದಿದ್ದರೆ ಸೋತೆ. ಸೋತವರು ಆ ವಾರವೆಲ್ಲ ಬೆಳಗಿನ ಚಹಾ ಮಾಡಬೇಕು. ಹನ್ನೊಂದು ವರ್ಷ ನಾನೇ ಚಹಾ ಮಾಡಿದೆ. ಅವಳ ಕಣ್ಣು ತಪ್ಪಿಸಿಕೊಂಡು ಒಂದು ಬಿಲ್ಲೆಯೂ ಹೋಗುತ್ತಿರಲಿಲ್ಲ. ಡಿಪೋದಲ್ಲಿ ನನ್ನನ್ನು ಚಹಾದ ಅಂಗಡಿ ಎಂದೇ ಕರೆಯುತ್ತಿದ್ದರು.

ಆಮೇಲೆ ನಾನು ಗೆಲ್ಲತೊಡಗಿದೆ.

ಮೊದಲ ಸಲ ಗೆದ್ದದ್ದು ಚೆನ್ನಾಗಿ ನೆನಪಿದೆ. ಅವಳು ಮುಗಿಸಿ ಮೊರವನ್ನು ನನ್ನ ಕಡೆ ಸರಿಸಿದಳು. ಎಡಗಡೆ ಅಂಚಿಗೆ ಒಂದು ರೂಪಾಯಿ ಬಿದ್ದಿತ್ತು. ಅಚ್ಚು ಅರ್ಧಕ್ಕರ್ಧ ಆಚೆ ಜಾರಿತ್ತು, ಎತ್ತಿಗೂ ಕಾಣುವಂಥ ತಪ್ಪು. ಅಂಗಳದಲ್ಲೇ ಕುಣಿದುಬಿಟ್ಟೆ.

"ಕಣ್ಣು ಎಲ್ಲಿಟ್ಟಿದ್ದಿ? ಹುಲ್ಲು ಮೇಯಾಕ ಹೋಗಿದ್ವೇನು?"

"ವಯಸ್ಸಾತ್ರಿ," ಎಂದು ಅವಳು ನಕ್ಕಳು. "ನಾಳಿಯಿಂದ ಚಹಾ ನಂದು."

ಮುಂದಿನ ವಾರವೂ ಗೆದ್ದೆ, ಅದರ ಮುಂದಿನ ವಾರವೂ. ಡಿಪೋದಲ್ಲಿ ಎದೆ ಉಬ್ಬಿಸಿಕೊಂಡು ತಿರುಗಿದೆ. ಅವಳು ಚಹಾ ಸೋಸುವಾಗ ಕಪ್ಪಿನ ಹೊರಗೆ ಚೆಲ್ಲಿದರೆ, ಸೋತ ಹೊಟ್ಟೆಕಿಚ್ಚು ಎಂದು ಚೇಷ್ಟೆ ಮಾಡಿದೆ. ನನ್ನ ಗೆಲುವಿನ ಬಿಲ್ಲೆಗಳೆಲ್ಲ ಮೊರದ ಅಂಚಿನಲ್ಲೇ ಸಿಗುತ್ತಿದ್ದವು, ನಡುವಿನಲ್ಲಿ ಒಂದೂ ಇರುತ್ತಿರಲಿಲ್ಲ. ತಪ್ಪು ಹುಡುಕುವುದರಲ್ಲಿ ಪಂಡಿತ ನಾನು. ಇದೊಂದು ನನ್ನ ಕಣ್ಣಿಗೆ ಬೀಳಲಿಲ್ಲ.

ಒಂದು ದಿನ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಂಡಳು. ಇನ್ನೊಂದು ದಿನ ಹಿತ್ತಲಲ್ಲಿ ಕೊಡ ಎಡವಿದಳು. ನಮ್ಮ ಮಾಳಿಗೆಯ ಮೇಲಿಂದ ಶಹಾಪುರದ ಮಲಗಿದ ಬುದ್ಧನ ಗುಡ್ಡ, ತಲೆಯಿಂದ ಕಾಲಿನವರೆಗೆ ಬುದ್ಧನೇ ಮಲಗಿದ ಹಾಗೆ, ಉದ್ದಕ್ಕೂ ಕಾಣುತ್ತದೆ. ಬಟ್ಟೆ ಒಣಹಾಕಲು ಹೋದವಳು ಅಲ್ಲೇ ನಿಂತು ಹೇಳಿದಳು.

"ಬುದ್ಧನ ಹೊಟ್ಟಿ ಅಷ್ಟಽ ಕಾಣ್ತದ ನೋಡ್ರಿ. ತಲಿ ಕಾಣವಲ್ದು, ಕಾಲೂ ಕಾಣವಲ್ದು."

"ಮೋತಿಬಿಂದು ಅದು. ಹಣ್ಣಾಗ್ಲಿ ತಡಿ, ತಗಸೋಣು," ಎಂದೆ ನಾನು, ಮಹಾ ತಿಳಿದವನ ಹಾಗೆ.

ಮೋತಿಬಿಂದು ಎಂದರೆ ಕಣ್ಣಿನ ಪೊರೆ. ಅದು ಹಣ್ಣಾಗುವವರೆಗೆ ಮುಟ್ಟಬಾರದು ಎಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ನನ್ನ ಅವ್ವನದೂ ಹಣ್ಣಾದ ಮೇಲೆಯೇ ತೆಗೆಸಿದ್ದು. ಓಣಿಯವರನ್ನು ಕೇಳಿದೆ, ಡಿಪೋದವರನ್ನು ಕೇಳಿದೆ, ಹಣ್ಣಾಗಲಿ ಎಂದೇ ಎಲ್ಲರೂ ತಲೆಯಾಡಿಸಿದರು. ಮಾವಿನಕಾಯಿಯನ್ನು ಹುಲ್ಲಿನಲ್ಲಿ ಇಟ್ಟಂತೆ ಅವಳ ಕಣ್ಣುಗಳನ್ನು ಹಣ್ಣಾಗಲು ಇಟ್ಟೆವು. ಒಂದು ಬೇಸಿಗೆ ಹೋಯಿತು, ಒಂದು ಮಳೆಗಾಲ ಹೋಯಿತು, ಇನ್ನೊಂದು ಬೇಸಿಗೆ ಬಂತು. ಅಷ್ಟೂ ದಿನ ನಾನು ವಾರವಾರ ಗೆಲ್ಲುತ್ತಲೇ ಇದ್ದೆ.

ಕೊನೆಗೆ ಪೊರೆ ತೆಗೆಸಲೆಂದು ಹೋದಾಗ ಕಲಬುರಗಿಯ ಡಾಕ್ಟರು ಬಹಳ ಹೊತ್ತು ನೋಡಿದರು. ಒಂದು ಕಣ್ಣು ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಕೊಳವೆಯೊಳಗಿಂದ ನೋಡಿದಷ್ಟು ಉಳಿದಿತ್ತು.

"ಪೊರಿ ಅಲ್ರಿ ಇದು, ಗ್ಲಾಕೋಮಾ. ಕಣ್ಣಾಗ ಒತ್ತಡ ಹೆಚ್ಚಾಗಿ ನರ ಒಣಗ್ಯಾದ. ಹೋದ ನಜರು ಬರಂಗಿಲ್ಲ. ಮನ್ಯಾಗ ಯಾರಿಗರೆ ಇತ್ತೇನು?"

"ನಮ್ಮ ಅವ್ವ ಕುರುಡಾಗೇ ಸತ್ಲುರಿ," ಎಂದಳು ಅವಳು.

ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ಚೀಟಿ ತರಲು ನಾನೊಬ್ಬನೇ ಒಳಗೆ ಹೋದೆ. ಡಾಕ್ಟರು ತಲೆ ಎತ್ತದೆ ಬರೆಯುತ್ತ ಕೇಳಿದರು.

"ಅಂಚಿಗೆ ಕಾಣವಲ್ದು ಅಂತ ಯಾವಾಗಿಂದ ಅದ? ಇದು ಮೊದಲು ಅಂಚಿನಿಂದಽ ಹೋಗ್ತದ. ಆವಾಗಽ ಬಂದಿದ್ರ ಉಳಿಸ್ಬಹುದಿತ್ತು."

ಮೊರದ ಎಡ ಅಂಚಿನಲ್ಲಿ ಬಿದ್ದಿದ್ದ ಆ ರೂಪಾಯಿ ಕಣ್ಣ ಮುಂದೆ ಬಂತು. ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಬಂದೆ.

ಶಹಾಪುರಕ್ಕೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬಹಳ ದೂರ ಬಂದ ಮೇಲೆ ಕೇಳಿದಳು.

"ಅವ್ವನ ಕಡಿಂದ ಬಂದದ್ದು ಅಂದ್ರ, ಟಕ್ಸಾಲಿ ತಪ್ಪು. ಹೌದಲ್ರಿ?"

"ಹೌದು. ಟಕ್ಸಾಲಿ ತಪ್ಪು," ಎಂದೆ.

ಅದು ಅರ್ಧ ನಿಜ. ಉಳಿದರ್ಧವನ್ನು ನುಂಗಿದೆ. ಮೂರು ವರ್ಷ ಅದು ಗಂಟಲಲ್ಲೇ ಇತ್ತು.

ದಿನಕ್ಕೆ ಎರಡು ಸಲ ಔಷಧದ ಹನಿ ಹಾಕಿದೆ. ಉಳಿದಿದ್ದ ಕೊಳವೆಯಷ್ಟು ಬೆಳಕೂ ಸಣ್ಣಗಾಗುತ್ತ ಹೋಗಿ ಹೋದ ವರ್ಷ ಮುಚ್ಚಿಕೊಂಡಿತು. ಬೆಳಗು ಯಾವುದು, ಸಂಜೆ ಯಾವುದು ಎಂದು ಈಗ ಅವಳು ಮುಖಕ್ಕೆ ತಾಗುವ ಬಿಸಿಲಿನಿಂದ ಹೇಳುತ್ತಾಳೆ. ನಾನು ನಿವೃತ್ತನಾದೆ. ಬಿಲ್ಲೆಗಳೂ ಬತ್ತಿದವು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ, ಉಳಿದವರು ಫೋನು ತೋರಿಸುತ್ತಾರೆ. ಸುರಪುರದ ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವಾಕೆಯೂ ಬುಟ್ಟಿಗೆ ಫೋನಿನಿಂದ ದುಡ್ಡು ಹಾಕುವ ಆ ಚೌಕದ ಚೀಟಿ ಅಂಟಿಸಿದ್ದಾಳೆ. ಆದರೂ ಸಂತೆಯಿಂದ, ಕಿರಾಣಿ ಅಂಗಡಿಯಿಂದ ಬೇಡಿ ತಂದು ವಾರಕ್ಕೊಮ್ಮೆ ಮೊರ ತುಂಬಿಸುತ್ತೇನೆ. ಅವಳು ಬೆರಳಿನಿಂದ ಸವರುತ್ತಾಳೆ. ತುಂಡಾದ ಅಂಚು ತಿಳಿಯುತ್ತದೆ, ಜಾರಿದ ಅಚ್ಚು ತಿಳಿಯುವುದಿಲ್ಲ. ಒಂದು ಸಲ ಡಬ್ಬಿಯಲ್ಲಿದ್ದ ಇಲಿ ಕಚ್ಚಿದ ಬಿಲ್ಲೆಯನ್ನೇ ಕದ್ದು ಮೊರಕ್ಕೆ ಹಾಕಿದೆ. ಅವಳು ಮುಟ್ಟಿದ ತಕ್ಷಣ ನನ್ನ ಕೈಗೆ ವಾಪಸ್ಸು ಕೊಟ್ಟಳು.

"ಇದು ನಮ್ಮ ಡಬ್ಬಿದು. ಹಂಗ ಮಾಡಬ್ಯಾಡ್ರಿ."

ಹೋದ ಭಾನುವಾರ ಅವಳ ಕೈಗೆ ಒಂದು ಜಜ್ಜಿದ ಬಿಲ್ಲೆ ಸಿಕ್ಕಿತು. ಹೆಬ್ಬೆರಳಿನಿಂದ ಉಜ್ಜುತ್ತ ಕೇಳಿದಳು.

"ಟಕ್ಸಾಲಿ ತಪ್ಪೋ, ಸಂತಿ ತಪ್ಪೋ?"

ನನಗೆ ತಡೆಯಲಾಗಲಿಲ್ಲ.

"ಸಂತಿ ತಪ್ಪು," ಎಂದೆ. "ನಿನ್ನ ಕಣ್ಣಿಂದೂ ಸಂತಿ ತಪ್ಪು. ನಂದಽ ತಪ್ಪು."

ಡಾಕ್ಟರು ನನಗೊಬ್ಬನಿಗೆ ಹೇಳಿದ್ದನ್ನೆಲ್ಲ ಹೇಳಿದೆ. ಮೊರದ ಅಂಚಿನ ಬಿಲ್ಲೆಗಳ ವಿಷಯ, ಹಣ್ಣಾಗಲಿ ಎಂದು ಕಳೆದ ದಿನಗಳ ವಿಷಯ, ಎಲ್ಲ. ಹೇಳುತ್ತ ಹೇಳುತ್ತ ಅತ್ತೆ. ಅವಳು ಅಳಲಿಲ್ಲ. ಜಜ್ಜಿದ ಬಿಲ್ಲೆಯನ್ನು ಹಳೆಯ ರೂಢಿಯಂತೆ ಮೊರದಾಚೆ ತಳ್ಳಿದಳು. ಆಮೇಲೆ ಮೊರದ ಅಂಚನ್ನು ಬೆರಳಿನಿಂದ ಸುತ್ತಲೂ ಸವರಿದಳು.

"ನನಗ ಗೊತ್ತಿತ್ರಿ. ನೀವು ಮೊದಲನೇ ಸಲ ಗೆದ್ರಲ್ಲ, ಅವತ್ತಽ ಗೊತ್ತಾತು. ಅಂಚಿನ ಬಿಲ್ಲಿ ಕಾಣವಲ್ದು ಅಂತ."

"ಮತ್ತ ಯಾಕ ಹೇಳ್ಲಿಲ್ಲ?"

"ಹನ್ನೊಂದು ವರ್ಷ ಸೋತಿದ್ರಿ. ಅವತ್ತು ಅಂಗಳದಾಗ ಹುಡುಗೂರಂಗ ಕುಣ್ಯಾಕತ್ತಿದ್ರಿ. ಇನ್ನೊಂದು ವಾರ ಗೆಲ್ಲಲಿ, ಆಮ್ಯಾಲೆ ಹೇಳೋಣು ಅಂದೆ. ಮುಂದಿನ ವಾರನೂ ಹಂಗಽ ಅಂದೆ."

ಮೊರದಲ್ಲಿ ಇನ್ನೂ ಅರ್ಧದಷ್ಟು ಬಿಲ್ಲೆಗಳು ನೋಡದೆ ಉಳಿದಿದ್ದವು. ಅವಳೂ ಕೈ ಹಾಕಲಿಲ್ಲ, ನಾನೂ ಹಾಕಲಿಲ್ಲ. ಸ್ವಲ್ಪ ಹೊತ್ತಿಗೆ ಎದ್ದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.