ಕೇಳಿದ್ದಕ್ಕಷ್ಟೇ ಉತ್ತರ

ಕಡೂರಿನ ತಾಲ್ಲೂಕು ಕಚೇರಿಯ ಎದುರು ಮೂವತ್ತು ವರ್ಷ ಪತ್ರ ಬರಹಗಾರನಾಗಿ ಕೂತವನು ನಾನು. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟು, ಖಾತೆಗೆ ಹೆಸರು ಸೇರಿಸುವ ಅರ್ಜಿ, ಇವೇ ನನ್ನ ಕಸುಬು. ಬದುಕಿರುವ ತಂಗಿಯ ಹೆಸರು ಬಿಟ್ಟು ವಂಶವೃಕ್ಷ ಬರೆದುಕೊಡಿ ಎಂದು ಬಂದವರನ್ನು ಎಷ್ಟೋ ಸಲ ಎಬ್ಬಿಸಿ ಕಳಿಸಿದ್ದೇನೆ. ‘ಆ ಕ್ರಿಶ್ಚಿಯನ್ ಯಜಮಾನ್ರ ಹತ್ರ ಹೋಗ್ಬೇಡಿ, ಅವ್ರು ಸುಳ್ಳು ಬರ್ಯಲ್ಲ’ ಎಂದು ಪಕ್ಕದ ಮೇಜಿನವರು ತಮಾಷೆ ಮಾಡುತ್ತಿದ್ದರು. ನನಗದು ಬಿರುದಿನಂತೆ ಕೇಳುತ್ತಿತ್ತು. ಭಾನುವಾರ ನಮ್ಮ ಚರ್ಚಿನ ಸಣ್ಣ ಸಭೆಯ ಮಕ್ಕಳಿಗೆ ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆಗಳನ್ನು ಕಲಿಸುತ್ತಿದ್ದವನೂ ನಾನೇ. ಸುಳ್ಳು ಸಾಕ್ಷಿ ಹೇಳಬಾರದೆಂಬ ಆಜ್ಞೆಗೆ ಬಂದಾಗ ನನ್ನ ದನಿ ತುಸು ಏರುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ನನ್ನ ಅಕ್ಕ ಇರುವುದು ತರೀಕೆರೆಯಲ್ಲಿ. ಭಾವ ತೀರಿಕೊಂಡ ಮೇಲೆ ಒಬ್ಬನೇ ಮಗನನ್ನು ಸಾಕಿ, ಓದಿಸಿ, ಎಲೆಕ್ಟ್ರಿಕಲ್ ಅಂಗಡಿ ಹಾಕಿಸಿಕೊಟ್ಟಳು. ಒಂದು ಮಧ್ಯಾಹ್ನ ಮೊದಲೇ ತಿಳಿಸದೆ ಅವಳ ಮನೆಗೆ ಹೋದೆ. ಸಾರಿಗೆ ಉಪ್ಪು ಸಾಲದೆಂದು ಅವನು ಅಕ್ಕನ ಕೈಯನ್ನು ಬೆನ್ನ ಹಿಂದೆ ತಿರುಚಿ ಹಿಡಿದಿದ್ದ. ನನ್ನನ್ನು ಕಂಡೊಡನೆ ಕೈ ಬಿಟ್ಟ. ‘ಬನ್ನಿ ಮಾವ, ಊಟ ಮಾಡಿ’ ಎಂದು ತಾನೇ ತಟ್ಟೆ ಇಟ್ಟ. ಅಕ್ಕ ಸೆರಗೆಳೆದು ಮಣಿಕಟ್ಟು ಮುಚ್ಚಿಕೊಂಡಳು. ಅಷ್ಟರಲ್ಲಿ ಅಲ್ಲಿದ್ದ ಹಳೆಯ ಕಲೆಗಳನ್ನೂ ನಾನು ನೋಡಿಯಾಗಿತ್ತು. ಸುಮ್ಮನೆ ಕೂತು ಉಂಡು ಬಂದೆ.

ಕೆಲವು ತಿಂಗಳ ನಂತರ ಅವನಿಗೆ ಅಜ್ಜಂಪುರದ ಹುಡುಗಿಯೊಬ್ಬಳ ಸಂಬಂಧ ಬಂತು. ನರ್ಸರಿ ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ತಂದೆ ಇರಲಿಲ್ಲ. ತಾಯಿ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಅಕ್ಕ ಫೋನ್ ಮಾಡಿದಳು.

‘ಅವ್ರು ನಿನ್ನೇ ಕೇಳಕ್ಕೆ ಬತ್ತಾರೆ ಕಣೋ. ಸುಳ್ಳು ಹೇಳು ಅಂತ ನಾನು ಹೇಳಲ್ಲ. ಕೇಳಿದ್ದಕ್ಕಷ್ಟೇ ಉತ್ರ ಕೊಡು. ಮದ್ವೆಯಾದ್ಮೇಲೆ ಸರಿಹೋಗ್ತಾನೆ.’

ಆ ತಾಯಿ ಒಂದು ಶನಿವಾರ ಬಸ್ಸು ಹಿಡಿದು ಕಡೂರಿಗೆ ಬಂದರು. ನನ್ನ ಮುಂದಿದ್ದ ಜನ ಹೋಗುವವರೆಗೂ ಬೆಂಚಿನ ತುದಿಯಲ್ಲಿ ಕೂತಿದ್ದು ಆಮೇಲೆ ಹತ್ತಿರ ಬಂದರು.

‘ಅಣ್ಣ, ನೀವು ಸುಳ್ಳು ಹೇಳಲ್ಲ ಅಂತ ಎಲ್ರೂ ಹೇಳ್ತಾರೆ. ಅದಕ್ಕೇ ಬಂದೆ. ಹುಡುಗ ಹೆಂಗೆ?’

‘ಕುಡಿಯಲ್ಲ. ಬೀಡಿ ಸಿಗರೇಟಿಲ್ಲ. ಒಂದು ಭಾನುವಾರನೂ ದೇವಾಲಯ ತಪ್ಪಿಸಲ್ಲ.’

‘ಅವರಮ್ಮನ್ನ ಚೆನ್ನಾಗಿ ನೋಡ್ಕೊಂತಾನಾ?’

‘ಅಕ್ಕಂಗೆ ಅವನೇ ಜೀವ’ ಎಂದೆ.

ಅಕ್ಕನಿಗೆ ಅವನು ಜೀವ ಎನ್ನುವುದು ನಿಜ. ಆಕೆ ಕೇಳಿದ್ದು ಅದನ್ನಲ್ಲ. ಮೂವತ್ತು ವರ್ಷ ಪದ ತೂಗಿ ಬರೆದ ಅಭ್ಯಾಸ ಆ ಗಳಿಗೆಯಲ್ಲಿ ನನ್ನ ಉಪಯೋಗಕ್ಕೆ ಬಂತು. ಆಕೆಯ ಮುಖ ಹಗುರಾಯಿತು. ಚೀಲದಿಂದ ಕಡಲೆಬೀಜದ ಉಂಡೆಗಳ ಪೊಟ್ಟಣ ತೆಗೆದು ಕೊಟ್ಟು, ಕೈಮುಗಿದು ಹೋದರು. ಉಂಡೆಗಳನ್ನು ಮನೆಗೆ ತಂದೆ. ಎಲ್ಲರೂ ತಿಂದೆವು.

ಮದುವೆ ತರೀಕೆರೆಯಲ್ಲಾಯಿತು. ನಮ್ಮ ಪದ್ಧತಿಯಂತೆ ಪಾಸ್ಟರು, ಈ ಮದುವೆಗೆ ಅಡ್ಡಿಯೇನಾದರೂ ಗೊತ್ತಿದ್ದವರು ಈಗಲೇ ಹೇಳಬೇಕೆಂದು ಕೇಳಿ ಸ್ವಲ್ಪ ಹೊತ್ತು ತಡೆದರು. ನಾನು ಮುಂದಿನ ಸಾಲಿನಲ್ಲಿ ಕೂತು ಹಾಡಿನ ಪುಸ್ತಕದ ಪುಟ ಹುಡುಕುತ್ತಿದ್ದೆ.

ವರ್ಷ ತುಂಬುವ ಮೊದಲೇ ಆ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದರು. ಅವನ ಹೊಡೆತಕ್ಕೆ ಎಡಗಿವಿಯ ತಮಟೆ ಹರಿದಿತ್ತು. ನಾನು ಹೋದಾಗ ಅವಳ ತಾಯಿ ವಾರ್ಡಿನ ಹೊರಗೆ ನೆಲದ ಮೇಲೆ ಕೂತಿದ್ದರು. ಬೈಯುತ್ತಾರೆಂದುಕೊಂಡಿದ್ದೆ.

‘ಬಸ್ಸಲ್ಲಿ ಬತ್ತಾ ನೀವು ಹೇಳಿದ್ದನ್ನೆಲ್ಲ ಒಂದೊಂದೇ ನೆನೆಸ್ಕೊಂಡೆ ಕಣಣ್ಣ’ ಎಂದರು. ‘ಒಂದೂ ಸುಳ್ಳಿಲ್ಲ.’

ಅಷ್ಟು ಹೇಳಿ ಬೇರೆ ಕಡೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅವರು ಪೊಲೀಸರಿಗೆ ದೂರು ಕೊಟ್ಟರು. ನಾನೇ ಠಾಣೆಗೆ ಹೋಗಿ, ಕಾಗದ ಕೇಳಿ, ನನ್ನ ಕೈಯಲ್ಲೇ ಹೇಳಿಕೆ ಬರೆದೆ. ಅವನು ತಾಯಿಯ ಕೈ ತಿರುಚಿದ್ದನ್ನು ಕಣ್ಣಾರೆ ನೋಡಿದ್ದೆನೆಂದೂ, ಹುಡುಗಿಯ ತಾಯಿ ಕೇಳಿದಾಗ ಅದನ್ನು ಮುಚ್ಚಿಟ್ಟೆನೆಂದೂ ಬರೆದೆ.

ಓದಿದ ಸಬ್ ಇನ್ಸ್‌ಪೆಕ್ಟರ್, ‘ಮೊದಲ್ನೇದು ಸಾಕಲ್ವೇನ್ರೀ, ಎರಡ್ನೇದು ಯಾಕೆ?’ ಎಂದರು.

‘ಇರಲಿ ಸರ್’ ಎಂದೆ.

ಅಕ್ಕನನ್ನು ವಿಚಾರಿಸಿದಾಗ, ತನ್ನ ಮಗ ತನ್ನ ಮೇಲೆ ಒಮ್ಮೆಯೂ ಕೈ ಮಾಡಿಲ್ಲವೆಂದು ಹೇಳಿದಳು. ಅವತ್ತಿನಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಸಭೆಯ ಹಿರಿಯರು ಕರೆಸಿದರು. ‘ಮನೆ ವಿಷ್ಯ ಠಾಣೆವರ್ಗೂ ಯಾಕೆ ತಗೊಂಡೋದ್ರಿ? ನಮ್ಮ ಸಭೆ ಮರ್ಯಾದೆ ಹೋಯ್ತಲ್ಲ’ ಎಂದರು. ಪ್ರಾರ್ಥನೆ ಮಾಡಿದರು. ಆಮೇಲೆ, ಸಂಡೇ ಸ್ಕೂಲಿನಿಂದ ನಾನು ಸ್ವಲ್ಪ ಕಾಲ ವಿಶ್ರಾಂತಿ ತೆಗೆದುಕೊಳ್ಳುವುದು ಒಳ್ಳೆಯದು ಎಂದರು. ನಿಜ ಮುಚ್ಚಿಟ್ಟಿದ್ದಾಗ ಮದುವೆಗೆ ಬಂದಿದ್ದ ಇದೇ ಜನ ನನಗೆ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಟ್ಟಿದ್ದರು. ಅವರ ಮೇಲೆ ಸಿಟ್ಟು ಬಂತು, ಈಗಲೂ ಬರುತ್ತದೆ. ಆದರೆ ಸಿಟ್ಟು ಮಾಡಿಕೊಳ್ಳುವ ಯೋಗ್ಯತೆ ನನಗಿದೆಯೇ ಎಂದೂ ಕೇಳಿಕೊಳ್ಳುತ್ತೇನೆ.

ಅವನು ಜಾಮೀನಿನ ಮೇಲೆ ಹೊರಗಿದ್ದಾನೆ. ಈಗಲೂ ಭಾನುವಾರ ತಪ್ಪಿಸುವುದಿಲ್ಲ, ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಾನಂತೆ.

ಮಕ್ಕಳ ಮಾತು ಸರಿಯಾಗಿ ಕೇಳಿಸದೆ ಹುಡುಗಿ ನರ್ಸರಿಯ ಕೆಲಸ ಬಿಡಬೇಕಾಯಿತು. ಅಜ್ಜಂಪುರದಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿದ್ದಾಳೆಂದು ತಿಳಿದು ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅಕ್ಕ ಬೇಡಿಕೊಂಡಳು, ಅವನು ತಿದ್ದಿಕೊಳ್ಳುತ್ತಾನೆಂದು ನಂಬಿದ್ದೆ, ಇಷ್ಟಾಗುತ್ತದೆಂದು ಎಣಿಸಿರಲಿಲ್ಲ. ಮೆಷಿನ್ನಿನ ಸದ್ದಿನ ನಡುವೆ ಅದನ್ನೆಲ್ಲ ಹೇಳಿ ಮುಗಿಸಿದೆ.

‘ಈ ಕಡೆ ಬಂದು ಹೇಳಿ’ ಎಂದಳು. ‘ಆ ಕಿವಿ ಕೇಳಲ್ಲ.’

ನಾನು ಸುತ್ತಿಕೊಂಡು ಅವಳ ಬಲಕ್ಕೆ ಹೋಗಿ ನಿಂತೆ. ಅಷ್ಟುದ್ದದ ಮಾತನ್ನು ಮತ್ತೆ ಹೇಳಲು ನಾಚಿಕೆಯಾಯಿತು.

‘ನಂಗೆ ಗೊತ್ತಿತ್ತಮ್ಮ. ಹೇಳ್ಲಿಲ್ಲ. ಕ್ಷಮಿಸು’ ಎಂದೆ.

ಅವಳು ಕೈಯಲ್ಲಿದ್ದ ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದಳು.

‘ಕ್ಷಮಿಸಿದೀನಿ ಅಂತ ಬಾಯಲ್ಲಿ ಹೇಳ್ಬೋದು ಮಾವ. ಅಮ್ಮನೂ ಹೇಳ್ಬಿಡು ಅಂತಾರೆ. ಒಳಗೆ ಇನ್ನೂ ಆಗಿಲ್ಲ. ಆದಾಗ ಹೇಳಿ ಕಳಿಸ್ತೀನಿ.’

ಯಾರೋ ಆಧಾರ್ ಕಾರ್ಡು ಹಿಡಿದು ಬಂದರು. ಅವಳು ಆ ಕೆಲಸಕ್ಕೆ ತಿರುಗಿದಳು.

ಇದಾಗಿ ಒಂದು ವರ್ಷ ದಾಟಿತು. ಅವಳು ಹೇಳಿ ಕಳಿಸಿಲ್ಲ. ನಾನೂ ಮತ್ತೆ ಕೇಳಲು ಹೋಗಿಲ್ಲ.